ಪತ್ರ ಯಾರ ಪೆಟ್ಟಿಗೆಯಲ್ಲಿ?
ಮನೆಯ ಇಮೇಲು, ಆಫೀಸಿನ ಇಮೇಲು: ಒಂದು ವಿಚಾರ

ಗೋರೆಗಾಂವ್ ಸ್ಟೇಶನ್ನಿನ ಪಶ್ಚಿಮ ಮಗ್ಗುಲಿನ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುವವರಿಂದ ಹಿಡಿದು ಪೂರ್ವದ ಹೆದ್ದಾರಿಯ ಬಳಿಯ ಕಚೇರಿಗಳಲ್ಲಿ ಲೆಕ್ಕ ಬರೆಯುವವರವರೆಗೆ, ಇಮೇಲಿನ ವಿಳಾಸವಿಲ್ಲದ ನಮ್ಮವರು ಇಂದು ವಿರಳ. ಬ್ಯಾಂಕಿನವರು ಅದನ್ನು ಕೇಳುತ್ತಾರೆ. ಮಕ್ಕಳ ಕಾಲೇಜಿನವರು ಕೇಳುತ್ತಾರೆ. ಊರಿಗೆ ಹೋಗಲು ಮತ್ಸ್ಯಗಂಧಾ ರೈಲಿನ ಟಿಕೇಟು ತೆಗೆಯಹೋದರೆ ಅಲ್ಲಿಯೂ ಕೇಳುತ್ತಾರೆ. ಆದರೆ ಆ ವಿಳಾಸಕ್ಕೆ ಬಂದ ಪತ್ರಗಳು ಎಲ್ಲಿ ಉಳಿಯುತ್ತವೆ, ಅವುಗಳ ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಕೆಲವರೇ. ವಿಳಾಸ ಇದ್ದರಾಯಿತು, ಉಳಿದುದೇಕೆ ಎಂಬುದು ಸಾಮಾನ್ಯ ಮನೋಭಾವ. ಕೆಲಸ ಬಿಟ್ಟ ದಿನ, ಇಲ್ಲವೆ ಮೊಬೈಲು ಕಳೆದ ದಿನ, ಆ ಪ್ರಶ್ನೆ ತಾನಾಗಿಯೇ ಎದುರು ಬಂದು ನಿಲ್ಲುತ್ತದೆ.

ಇಮೇಲನ್ನು ಓದುವ ಕ್ರಮಗಳು ಮುಖ್ಯವಾಗಿ ಎರಡು. ಒಂದು, ನಮ್ಮ ಕಂಪ್ಯೂಟರಿನಲ್ಲಿಯೇ ಇರುವ ಔಟ್‌ಲುಕ್, ಥಂಡರ್‌ಬರ್ಡ್ ಮೊದಲಾದ ತಂತ್ರಾಂಶಗಳ ಮೂಲಕ ಪತ್ರಗಳನ್ನು ತರಿಸಿಕೊಂಡು ಓದುವುದು. ಇನ್ನೊಂದು, ಬ್ರೌಸರಿನಲ್ಲಿ ಜಿಮೇಲ್, ಯಾಹೂ, ರೀಡಿಫ್ ಮೊದಲಾದವರ ಜಾಲತಾಣವನ್ನು ತೆರೆದು ಅಲ್ಲಿಯೇ ಓದಿ ಅಲ್ಲಿಯೇ ಬಿಟ್ಟು ಬರುವುದು. ಇದಕ್ಕೆ ವೆಬ್‌ಮೇಲ್ ಎನ್ನುತ್ತಾರೆ. ಅಂಚೆಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಪೋಸ್ಟ್‌ಮನ್ನನು ತಂದು ಕೊಟ್ಟ ಕಾಗದವನ್ನು ನಮ್ಮ ಟ್ರಂಕಿನಲ್ಲಿ ಹಾಕಿಕೊಂಡಂತೆ. ಎರಡನೆಯದು ಅಂಚೆಕಚೇರಿಗೆ ನಾವೇ ಹೋಗಿ, ನಮ್ಮ ಹೆಸರಿನ ಗೂಡಿನಿಂದ ಕಾಗದ ತೆಗೆದು ನಿಂತಲ್ಲಿಯೇ ಓದಿ ಮತ್ತೆ ಗೂಡಿನಲ್ಲಿ ಇಟ್ಟು ಬಂದಂತೆ. ಟ್ರಂಕು ನಮ್ಮದು, ಆದರೆ ಅದು ಇದ್ದಲ್ಲಿಗೇ ನಾವು ಹೋಗಬೇಕು. ಗೂಡು ಎಲ್ಲಿಂದಲೂ ಸಿಗುತ್ತದೆ, ಆದರೆ ಕಟ್ಟಡ ಬೇರೊಬ್ಬರದು.

ಹೋಟೆಲು ಕೆಲಸಗಾರರಿಗೆ ಇದರಲ್ಲಿ ಹೊಸತೇನೂ ಇಲ್ಲ. ಊರಿನಿಂದ ಹೊರಟು ಬಂದ ಮಾಣಿಗೆ ಮುಂಬಯಿಯಲ್ಲಿ ಸ್ವಂತದ ವಿಳಾಸವೆಂಬುದು ಇರಲಿಲ್ಲ. ತಾಯಿಯ ಕಾಗದ ಹೋಟೆಲಿನ ಹೆಸರಿಗೆ, ಕೇರ್ ಆಫ್ ಎಂದು ಬರುತ್ತಿತ್ತು. ಗಲ್ಲಾದ ಹಿಂದಿನ ಹಲಗೆಯಲ್ಲಿ ದೇವರ ಪಟದ ಬಳಿ ಬಿದ್ದಿರುತ್ತಿತ್ತು. ಆತ ಮಾಟುಂಗದ ಹೋಟೆಲು ಬಿಟ್ಟು ಗೋರೆಗಾಂವಿನ ಹೋಟೆಲಿಗೆ ಸೇರಿದನೆಂದರೆ ಹಳೆಯ ವಿಳಾಸಕ್ಕೆ ಬಂದ ಕಾಗದ ಅವನಿಗೆ ತಲಪುವುದು ಅಲ್ಲಿ ಉಳಿದ ಗೆಳೆಯರ ದಯೆಯನ್ನು ಅವಲಂಬಿಸಿತ್ತು. ಇಂದು ಕಂಪೆನಿಯವರು ಕೊಟ್ಟ ಇಮೇಲ್ ವಿಳಾಸವನ್ನೇ ತನ್ನ ವಿಮಾ ಪಾಲಿಸಿಗೆ, ಬ್ಯಾಂಕಿನ ಖಾತೆಗೆ, ಮಗಳ ಶಾಲೆಗೆ ಬರೆದುಕೊಡುವ ಗುಮಾಸ್ತನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅದೂ ಒಂದು ಕೇರ್ ಆಫ್ ವಿಳಾಸವೇ. ಕೆಲಸ ಬಿಟ್ಟ ದಿನ ಸಂಜೆಗೆ ಆ ಖಾತೆಯನ್ನು ಮುಚ್ಚುವ ಅಧಿಕಾರ ಕಂಪೆನಿಗೆ ಉಂಟು. ಅದರೊಳಗಿನ ಪತ್ರಗಳೂ ಕಂಪೆನಿಯ ಸೊತ್ತೇ. ಹಳೆಯ ಹೋಟೆಲಿನಲ್ಲಿ ಕಾಗದವನ್ನು ಎತ್ತಿಟ್ಟುಕೊಡಲು ಒಬ್ಬ ಅಡಿಗೆಭಟ್ಟರಾದರೂ ಇದ್ದರು; ಮುಚ್ಚಿದ ಖಾತೆಯ ಮುಂದೆ ಯಾರೂ ಇಲ್ಲ.

ಈ ಎರಡು ಕ್ರಮಗಳು ಹೇಗೆ ಬಂದುವೆಂಬುದನ್ನು ಸ್ವಲ್ಪದರಲ್ಲಿ ನೋಡೋಣ. ಬೇರೆ ಬೇರೆ ಕಂಪ್ಯೂಟರುಗಳ ನಡುವೆ ಮೊದಲ ಸಂದೇಶ ಹೋದುದು 1971ರಲ್ಲಿ, ಅಮೆರಿಕದಲ್ಲಿ. ರೇ ಟಾಮ್‌ಲಿನ್‌ಸನ್ ಎಂಬ ಇಂಜಿನಿಯರರು ಹೆಸರಿಗೂ ಯಂತ್ರಕ್ಕೂ ನಡುವೆ ‘ಆ್ಯಟ್’ ಚಿಹ್ನೆಯನ್ನು ಇಟ್ಟರು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಮುಂಬಯಿಯೂ ಸೇರಿದಂತೆ ಕೆಲವು ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ತೆರೆದುದು 1995ರ ಆಗಸ್ಟ್ 15ರಂದು. ಟೆಲಿಫೋನಿನ ತಂತಿಯ ಮೂಲಕ ಸಂಪರ್ಕ. ನಿಮಿಷ ನಿಮಿಷಕ್ಕೂ ಖರ್ಚು. ಅಂತಹ ಕಾಲದಲ್ಲಿ ತಂತ್ರಾಂಶದ ಕ್ರಮವೇ ಬುದ್ಧಿವಂತರ ಕ್ರಮವಾಗಿತ್ತು. ಸಂಪರ್ಕ ಕಡಿದಿರುವಾಗಲೇ ಹತ್ತು ಪತ್ರಗಳನ್ನು ಸಾವಕಾಶವಾಗಿ ಬರೆದಿಟ್ಟುಕೊಂಡು, ತಂತಿ ಕೂಡಿಸಿ ಎರಡು ನಿಮಿಷಗಳಲ್ಲಿ ಅವನ್ನು ಕಳುಹಿಸಿ, ಬಂದುವನ್ನು ಇಳಿಸಿಕೊಂಡು ಮತ್ತೆ ತಂತಿ ಕಡಿಯಬಹುದಾಗಿತ್ತು. ಯೂಡೋರಾ, ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಹೆಸರುಗಳನ್ನು ಆ ಕಾಲದ ಗುಮಾಸ್ತರು ಇಂದಿಗೂ ಮರೆತಿರಲಾರರು.

ಕಂಪ್ಯೂಟರೇ ಇಲ್ಲದವರ ಪಾಡೇನು? ಅವರ ಕಷ್ಟವನ್ನು ನೀಗಿದ್ದು ವೆಬ್‌ಮೇಲ್. ಬೆಂಗಳೂರಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ಎಂಬ ತರುಣರು ಜ್ಯಾಕ್ ಸ್ಮಿತ್ ಎಂಬವರೊಡನೆ ಕೂಡಿ 1996ರ ಜುಲೈ 4ರಂದು ಹಾಟ್‌ಮೇಲನ್ನು ಆರಂಭಿಸಿದರು. ಮರುವರ್ಷದ ಕೊನೆಗೇ ಅದನ್ನು ಮೈಕ್ರೋಸಾಫ್ಟ್ ಕಂಪೆನಿ ಕೊಂಡುಕೊಂಡಿತು. ನಮ್ಮ ಮುಂಬಯಿಯ ರೀಡಿಫ್ ಸಂಸ್ಥೆಯೂ ಉಚಿತ ಇಮೇಲನ್ನು ಒದಗಿಸಿತು. ಗಂಟೆಗಿಷ್ಟು ಎಂದು ಹಣ ತೆತ್ತು ಸೈಬರ್ ಕೆಫೆಯಲ್ಲಿ ಕುಳಿತರೆ ಯಾವ ಯಂತ್ರದಲ್ಲಿ ಬೇಕಾದರೂ ತನ್ನ ಪತ್ರವನ್ನು ತಾನು ಓದಬಹುದು ಎಂಬುದು ಖೋಲಿಯಲ್ಲಿ ಎಂಟು ಜನರೊಡನೆ ಮಲಗುವವನಿಗೆ ಸಣ್ಣ ಸೌಕರ್ಯವಾಗಿರಲಿಲ್ಲ. ಮುಂಬಯಿಯಲ್ಲಿ ಹೋಟೆಲಿನ ಹೆಸರಿಲ್ಲದ, ಧಣಿಯ ಹೆಸರಿಲ್ಲದ, ಕೇವಲ ತನ್ನದೇ ಆದ ವಿಳಾಸವೊಂದು ಆತನಿಗೆ ದೊರೆತುದು ಆಗಲೇ.

ಸ್ಥಳ ಮಾತ್ರ ಅತ್ಯಲ್ಪವಾಗಿತ್ತು. ಹಾಟ್‌ಮೇಲಿನಲ್ಲಿ ಎರಡೇ ಮೆಗಾಬೈಟು. ಊರಿನ ಮದುವೆಯ ಒಂದೆರಡು ಫೋಟೋ ಬಂದರೆ ಗೂಡು ತುಂಬಿಹೋಗುತ್ತಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟಿನೊಡನೆ ಬಂದಾಗ ಹಲವರು ಅದನ್ನು ಏಪ್ರಿಲ್ ತಿಂಗಳ ಕುಚೋದ್ಯವೆಂದೇ ಬಗೆದರಂತೆ. ಪತ್ರಗಳನ್ನು ಅಳಿಸುವ ಅಗತ್ಯವೇ ಇಲ್ಲವೆಂಬ ಭಾವನೆ ಜನರಲ್ಲಿ ಬೇರೂರಿದ್ದು ಅಂದಿನಿಂದ. ಅದು ಸಂಪೂರ್ಣ ಸತ್ಯವಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಟ್ರಂಕು ಮುಳುಗಿದ ದಿನ

ಮುಂಬಯಿಗರಿಗೆ 2005ರ ಜುಲೈ 26ನ್ನು ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿತ್ತು. ಉಪನಗರಗಳ ನೆಲಅಂತಸ್ತುಗಳು ನೀರಿನಲ್ಲಿ ನಿಂತುವು. ಹೋಟೆಲಿನಲ್ಲಿಯಾಗಲಿ ಸಣ್ಣ ಆಫೀಸಿನಲ್ಲಿಯಾಗಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಇಡುವುದು ಸಾಮಾನ್ಯವಾಗಿ ಮೇಜಿನ ಅಡಿಯಲ್ಲಿ, ನೆಲದ ಮೇಲೆ. ಆ ಕಾಲದ ತಂತ್ರಾಂಶಗಳು ಬಹುಮಟ್ಟಿಗೆ ‘ಪಾಪ್’ ಎಂಬ ಪದ್ಧತಿಯಲ್ಲಿ ನಡೆಯುತ್ತಿದ್ದುವು. ಈ ಪದ್ಧತಿಯಲ್ಲಿ ಸರ್ವರಿನಿಂದ ಪತ್ರವನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಂಡೊಡನೆ ಅಲ್ಲಿನ ಪ್ರತಿಯನ್ನು ಅಳಿಸಿಬಿಡುವುದೇ ವಾಡಿಕೆ. ಇಲ್ಲವಾದರೆ ಅಲ್ಲಿನ ಅಲ್ಪ ಸ್ಥಳ ತುಂಬಿಹೋಗುತ್ತಿತ್ತು. ಆದುದರಿಂದ ಮೇಜಿನ ಅಡಿಯ ಪೆಟ್ಟಿಗೆಯೇ ಪತ್ರಗಳಿಗೆ ಏಕಮಾತ್ರ ಮನೆ. ಅದು ನೀರಿನಲ್ಲಿ ಮುಳುಗಿದರೆ ಬೇರೆ ಪ್ರತಿ ಇಲ್ಲದವರ ವರ್ಷಗಟ್ಟಲೆಯ ವ್ಯವಹಾರವೂ ಮುಳುಗಿದಂತೆಯೇ. ಅದೇ ಸಮಯದಲ್ಲಿ ವೆಬ್‌ಮೇಲಿನ ಪತ್ರಗಳು ಸಾವಿರಾರು ಮೈಲು ದೂರದ ಸರ್ವರುಗಳಲ್ಲಿ ಒಣಗಿದ್ದುವು. ನೆರೆಯೇ ಬರಬೇಕೆಂದಿಲ್ಲ. ಹಾರ್ಡ್ ಡಿಸ್ಕಿಗೆ ಆಯುಷ್ಯ ತೀರಿದರೂ ಪರಿಣಾಮ ಅದೇ. ಹಳೆಯ ಔಟ್‌ಲುಕ್ಕಿನ ಪತ್ರಕೋಶದ ಕಡತವು ಎರಡು ಗಿಗಾಬೈಟು ಮೀರಿದೊಡನೆ ಕೆಟ್ಟು ಕೂರುತ್ತಿದ್ದುದೂ ಉಂಟು.

ಈಗಿನ ತಂತ್ರಾಂಶಗಳಲ್ಲಿ ‘ಐಮ್ಯಾಪ್’ ಪದ್ಧತಿ ಪ್ರಚಾರದಲ್ಲಿದೆ. ಇದರಲ್ಲಿ ಮೂಲಪ್ರತಿ ಸರ್ವರಿನಲ್ಲಿ, ಅದರ ಪ್ರತಿ ನಮ್ಮ ಯಂತ್ರದಲ್ಲಿ. ಎರಡೂ ಕಡೆ ಪತ್ರವಿರುವುದರಿಂದ ಒಂದು ಹೋದರೆ ಇನ್ನೊಂದು ಉಳಿಯುತ್ತದೆಂದು ತೋರುವುದು ಸಹಜ. ಇಲ್ಲೊಂದು ಎಚ್ಚರಿಕೆ ಅಗತ್ಯ: ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಇದು ಕನ್ನಡಿಯೇ ಹೊರತು ಕಪಾಟಲ್ಲ. ಕಪಾಟು ಬೇಕಾದವರು ಪತ್ರಗಳನ್ನು ತಂತ್ರಾಂಶದೊಳಗಿನ ಸ್ಥಳೀಯ ಕೋಶಕ್ಕೆ ನಕಲು ಮಾಡಿ, ಆ ಕೋಶವನ್ನು ಬೇರೊಂದು ಡಿಸ್ಕಿನಲ್ಲಿ ಇಡತಕ್ಕದ್ದು.

ಕಚೇರಿಯ ಕೆಲಸಕ್ಕೆ ನಾವು ತಂತ್ರಾಂಶದ ಪರವಾಗಿಯೇ ಇದ್ದೇವೆ. ದಿನಕ್ಕೆ ನೂರು ಪತ್ರ ನೋಡುವ ಗುಮಾಸ್ತನಿಗೆ ಬಿಲ್ಲುಗಳು ಒಂದು ಕೋಶಕ್ಕೆ, ತೆರಿಗೆಯ ಕಾಗದಗಳು ಇನ್ನೊಂದಕ್ಕೆ, ದೂರುಗಳು ಮತ್ತೊಂದಕ್ಕೆ ತಾವಾಗಿಯೇ ಹೋಗಿ ಬೀಳುವಂತೆ ನಿಯಮ ಮಾಡಿಡುವ ಅನುಕೂಲವಿದೆ. ವೆಬ್‌ಮೇಲಿನಲ್ಲಿಯೂ ಈ ನಿಯಮಗಳುಂಟು, ಸುಳ್ಳಲ್ಲ. ಆದರೆ ಮಾರಾಟ ವಿಭಾಗದ್ದು, ಲೆಕ್ಕದ್ದು, ಧಣಿಯದ್ದು ಹೀಗೆ ಮೂರು ವಿಳಾಸಗಳನ್ನು ಒಂದೇ ಕಿಟಕಿಯಲ್ಲಿ ನೋಡಬೇಕಾದವನಿಗೆ ತಂತ್ರಾಂಶದಷ್ಟು ನೆಮ್ಮದಿ ಬ್ರೌಸರಿನಲ್ಲಿ ಸಿಗದು. ಸಂಪರ್ಕ ಕಡಿದರೂ ಹಳೆಯ ಪತ್ರ ಕಣ್ಮುಂದೆ ಇರುತ್ತದೆ. ಉತ್ತರ ಬರೆದಿಟ್ಟರೆ ಸಂಪರ್ಕ ಬಂದಾಗ ಹೋಗುತ್ತದೆ. ಆದಾಯ ತೆರಿಗೆಯ ನೋಟೀಸು ಇಮೇಲಿಗೇ ಬರುವ ಈ ಕಾಲದಲ್ಲಿ, ಮೂರು ವರ್ಷ ಹಿಂದಿನ ಒಂದು ಪತ್ರವನ್ನು ಹುಡುಕಿ ಸಾಹೇಬರ ಮುಂದಿಡಬಲ್ಲ ಗುಮಾಸ್ತನ ಬೆಲೆ ಏನೆಂಬುದು ಗುಮಾಸ್ತರಿಗೆ ಗೊತ್ತು.

ಹಾಗೆಂದು ಔಟ್‌ಲುಕ್ ಎಂಬ ಹೆಸರು ಕಂಡೊಡನೆ ಪತ್ರಗಳು ನಮ್ಮ ಯಂತ್ರದಲ್ಲಿವೆ ಎಂದು ತಿಳಿಯಲಾಗದು. ವಿಂಡೋಸಿನೊಡನೆ ಉಚಿತವಾಗಿ ಬರುತ್ತಿದ್ದ ಮೇಲ್ ಎಂಬ ತಂತ್ರಾಂಶವನ್ನು ಮೈಕ್ರೋಸಾಫ್ಟಿನವರು 2024ರ ಡಿಸೆಂಬರ್ 31ಕ್ಕೆ ಕೈಬಿಟ್ಟು ‘ಹೊಸ ಔಟ್‌ಲುಕ್’ ಎಂಬುದನ್ನು ಕೊಟ್ಟಿದ್ದಾರೆ. ಇದು ಹೊರನೋಟಕ್ಕೆ ತಂತ್ರಾಂಶ, ಒಳಗೆ ಬಹುಮಟ್ಟಿಗೆ ವೆಬ್‌ಮೇಲು. ಇದರಲ್ಲಿ ಜಿಮೇಲ್ ಖಾತೆಯನ್ನು ಕೂಡಿಸಿದರೆ ಆ ಪತ್ರಗಳ ಪ್ರತಿ ಮೈಕ್ರೋಸಾಫ್ಟಿನ ಸರ್ವರಿಗೂ ಹೋಗುತ್ತದೆ. ಒಂದು ಗೂಡಿನಲ್ಲಿದ್ದುದು ಎರಡು ಗೂಡುಗಳಲ್ಲಿ ಇದ್ದಂತಾಯಿತೇ ವಿನಾ ಟ್ರಂಕಿಗೆ ಬಂದಂತಾಗಲಿಲ್ಲ. ಮೊಝಿಲ್ಲಾದವರು 2004ರಲ್ಲಿ ಹೊರತಂದ ಥಂಡರ್‌ಬರ್ಡ್ ಇಂದಿಗೂ ಹಳೆಯ ರೀತಿಯಲ್ಲೇ, ಉಚಿತವಾಗಿ, ನಮ್ಮ ಯಂತ್ರದಲ್ಲಿ ಪತ್ರ ಇಡುತ್ತದೆ. 2024ರಿಂದ ಆಂಡ್ರಾಯ್ಡ್ ಮೊಬೈಲಿಗೂ ದೊರೆಯುತ್ತಿದೆ. ಸಣ್ಣ ಆಫೀಸಿಗೆ ನಮ್ಮ ಶಿಫಾರಸು ಅದೇ.

ಗಲ್ಲಾದ ಕಂಪ್ಯೂಟರು

ಹೋಟೆಲಿನ ವಿಚಾರ ಬೇರೆ. ಅಲ್ಲಿ ಕಂಪ್ಯೂಟರು ಒಂದೇ; ಅದು ಗಲ್ಲಾದ ಮೇಲಿರುತ್ತದೆ. ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಇನ್ನೊಬ್ಬರು ಅಲ್ಲಿ ಕುಳಿತುಕೊಳ್ಳುತ್ತಾರೆ. ತಂತ್ರಾಂಶವು ಒಮ್ಮೆ ಪಾಸ್‌ವರ್ಡು ಕೊಟ್ಟರೆ ಮತ್ತೆ ಮತ್ತೆ ಕೇಳುವುದಿಲ್ಲ. ಯಂತ್ರದ ಮುಂದೆ ಕುಳಿತವರೆಲ್ಲರಿಗೂ ಪತ್ರಕೋಶ ತೆರೆದೇ ಇರುತ್ತದೆ. ಹೋಟೆಲಿನ ವ್ಯವಹಾರದ ಪತ್ರಗಳಿಗೆ ಇದು ಅನುಕೂಲ. ಆದರೆ ಕ್ಯಾಶಿಯರನು ತನ್ನ ಸ್ವಂತ ಖಾತೆಯನ್ನೂ ಅದೇ ತಂತ್ರಾಂಶಕ್ಕೆ ಕೂಡಿಸಿಟ್ಟರೆ, ಆತ ಬೇರೆ ಹೋಟೆಲಿನಲ್ಲಿ ಕೆಲಸ ಕೇಳಿ ಬರೆದ ಪತ್ರವನ್ನು ಧಣಿಯೇ ಮೊದಲು ಓದುವ ಸಂಭವವುಂಟು! ಸ್ವಂತದ ಪತ್ರವನ್ನು ಹೋಟೆಲಿನ ಯಂತ್ರದಲ್ಲಿ ನೋಡಲೇಬೇಕಾದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದು, ಮುಗಿದೊಡನೆ ಸೈನ್ ಔಟ್ ಮಾಡಿ ಏಳಬೇಕು. ‘ಪಾಸ್‌ವರ್ಡು ನೆನಪಿಡಲೇ?’ ಎಂದು ಬ್ರೌಸರು ವಿನಯದಿಂದ ಕೇಳುತ್ತದೆ. ಅಷ್ಟೇ ವಿನಯದಿಂದ ಬೇಡವೆನ್ನಬೇಕು.

ಧಣಿಗಳಿಗೂ ಒಂದು ಮಾತಿದೆ. ಹೋಟೆಲಿನ ಇಮೇಲನ್ನು ಮೇನೇಜರರು ತಮ್ಮ ಮೊಬೈಲಿನಲ್ಲಿ, ತಮ್ಮ ನಂಬರು ಕೊಟ್ಟು ತೆರೆಯುವ ಪದ್ಧತಿ ಬಹಳ ಕಡೆ ಇದೆ. ಆಹಾರ ಪರವಾನಿಗೆಯ ಸೂಚನೆ, ಜಿಎಸ್‌ಟಿಯ ಕಾಗದ, ಮನೆಮನೆಗೆ ಊಟ ಮುಟ್ಟಿಸುವ ಕಂಪೆನಿಗಳ ವಾರದ ಲೆಕ್ಕ, ಎಲ್ಲವೂ ಅದಕ್ಕೇ ಬರುತ್ತವೆ. ಮೇನೇಜರರು ಕೆಲಸ ಬಿಟ್ಟು ಊರಿಗೆ ಹೋದರೆ ಹೋಟೆಲಿನ ಬೀಗದ ಕೈ ಅವರ ಜೇಬಿನಲ್ಲಿಯೇ ಹೋದಂತೆ. ಅವರು ಸಜ್ಜನರೇ ಇರಬಹುದು. ಆದರೆ ಅವರ ನಂಬರು ಬದಲಾದರೆ ಸಜ್ಜನಿಕೆಯಿಂದ ಬೀಗ ತೆರೆಯದು. ಹೋಟೆಲಿನ ಖಾತೆಯ ಮರುಪ್ರಾಪ್ತಿಗೆ ಧಣಿಯ ನಂಬರನ್ನೇ ಕೊಡತಕ್ಕದ್ದು, ಮೇನೇಜರರ ಸ್ವಂತ ಖಾತೆಯನ್ನು ಹೋಟೆಲಿನ ಕೆಲಸಕ್ಕೆ ಬಳಸಕೂಡದು. ಇದರಿಂದ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಇನ್ನು ಸ್ವಂತದ ಇಮೇಲಿನ ವಿಚಾರ. ಮನೆ ಮನೆಯಲ್ಲಿ ಕಂಪ್ಯೂಟರಿಲ್ಲ; ಮೊಬೈಲೇ ಎಲ್ಲ. ಮೊಬೈಲಿನ ಜಿಮೇಲ್ ಆ್ಯಪು ವೆಬ್‌ಮೇಲಿನ ಒಂದು ಕಿಟಕಿಯೆಂದೇ ತಿಳಿಯಬೇಕು. ಇತ್ತೀಚಿನ ಕೆಲವು ದಿನಗಳ ಪತ್ರಗಳನ್ನು ಮಾತ್ರ ಅದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಕೆಲಸದ ಜಾಗವೂ ಮಲಗುವ ಜಾಗವೂ ಬದಲಾಗುತ್ತಿರುವ ನಮ್ಮವರಿಗೆ ಇದೇ ಯೋಗ್ಯ ಕ್ರಮವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗೂಡು ಬೇರೊಬ್ಬರ ಕಟ್ಟಡದಲ್ಲಿದೆ ಎಂಬುದನ್ನು ಮರೆಯಲಾಗದು. ಆ ಕಟ್ಟಡಕ್ಕೆ ಅದರದೇ ಕಾನೂನುಗಳಿವೆ. ಗೂಗಲಿನವರು ಉಚಿತವಾಗಿ ಕೊಡುವ 15 ಗಿಗಾಬೈಟಿನಲ್ಲಿ ಪತ್ರಗಳೂ ಫೋಟೋಗಳೂ ಡ್ರೈವಿನ ಕಡತಗಳೂ ಒಟ್ಟಾಗಿ ಸೇರುತ್ತವೆ. ಊರಿನ ಕೋಲದ ವೀಡಿಯೋಗಳು ಮೊಬೈಲಿನಿಂದ ತಾವಾಗಿಯೇ ಹೋಗಿ ಅದನ್ನು ತುಂಬಿಬಿಟ್ಟರೆ, ಬ್ಯಾಂಕಿನ ಪತ್ರ ಒಳಗೆ ಬರಲಾರದೆ ಹಿಂದಿರುಗುತ್ತದೆ. ಎರಡು ವರ್ಷ ಕಾಲ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನು ಅವರು 2023ರಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದರು. ನಿವೃತ್ತರಾಗಿ ಊರಿಗೆ ಹೋದ ತಂದೆಯವರ ಖಾತೆಯಲ್ಲಿ ಜಮೀನಿನ ಕಾಗದಪತ್ರಗಳ ಪ್ರತಿಗಳಿದ್ದರೆ ಮಕ್ಕಳು ಈ ವಿಷಯವನ್ನು ಗಮನಿಸಬೇಕು.

ಇದಕ್ಕಿಂತಲೂ ಹೆಚ್ಚಿನ ಆಪತ್ತು ಸಿಮ್ಮಿನದು. ಖಾತೆ ತೆರೆಯುವಾಗ ಕೊಟ್ಟ ನಂಬರಿಗೇ ಓಟಿಪಿ ಬರುತ್ತದೆ. ರೀಚಾರ್ಜು ಮಾಡದೆ ಬಿಟ್ಟ ನಂಬರನ್ನು ಟೆಲಿಫೋನು ಕಂಪೆನಿಯವರು ಸ್ಥಗಿತಗೊಳಿಸಿ, 90 ದಿನಗಳ ತರುವಾಯ ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಪತ್ರಕೋಶದ ಬಾಗಿಲು ಬಡಿಯುವ ಹಕ್ಕು ನಮಗಿಲ್ಲದೆ, ಪರಿಚಯವೇ ಇಲ್ಲದ ಇನ್ನೊಬ್ಬರ ಕೈಗೆ ಓಟಿಪಿ ಹೋಗುತ್ತದೆ. ಸಂಜೆಯ ಲೋಕಲಿನ ನೂಕುನುಗ್ಗಲಲ್ಲಿ ಮೊಬೈಲು ಕಳೆದುಕೊಂಡವರ ಕಷ್ಟವೂ ಇದೇ. ಆದರೆ ಅವರಿಗೆ ಅದೇ ನಂಬರಿನ ಹೊಸ ಸಿಮ್ಮಾದರೂ ದೊರೆತೀತು.

ಕನ್ನಡದಲ್ಲಿ ಬರೆಯುವವರಿಗೂ ಈ ಎರಡು ಕ್ರಮಗಳಲ್ಲಿ ಒಂದು ಕಾಲಕ್ಕೆ ದೊಡ್ಡ ಅಂತರವಿತ್ತು. ಬರಹ, ನುಡಿ ಮೊದಲಾದವುಗಳ ಹಳೆಯ ಅಕ್ಷರಗಳಲ್ಲಿ ಬರೆದ ಪತ್ರ, ಅದೇ ಅಕ್ಷರವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ‘ತುಂಗಾ’ ಎಂಬ ಅಕ್ಷರ ಬಂತು. 2009ರಲ್ಲಿ ಜಿಮೇಲಿನೊಳಗೇ ಕನ್ನಡ ಬೆರಳಚ್ಚಿಸುವ ಅನುಕೂಲವೂ ಆಯಿತು. ಈಗ ಯಾವ ಕ್ರಮದಲ್ಲಿಯಾದರೂ ಕನ್ನಡ ನೆಟ್ಟಗೆ ಹೋಗುತ್ತದೆ. ಆದರೂ ನಮ್ಮವರು ಊರಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಏತಕ್ಕೋ ತಿಳಿಯದು.

ಪತ್ರ ಯಾರ ವಶದಲ್ಲಿರಬೇಕೆಂಬ ಚಿಂತೆ ನಮ್ಮಂತಹವರಿಗೆ ಮಾತ್ರ ಮೀಸಲಲ್ಲ. ಕೇಂದ್ರ ಸರಕಾರವು ತನ್ನ ಸುಮಾರು 12 ಲಕ್ಷ ನೌಕರರ ಇಮೇಲನ್ನು ತಮಿಳುನಾಡಿನ ಜೋಹೋ ಸಂಸ್ಥೆಯ ವ್ಯವಸ್ಥೆಗೆ ವರ್ಗಾಯಿಸಿದ ಸುದ್ದಿ 2025ರಲ್ಲಿ ಪ್ರಕಟವಾಯಿತು. ಪತ್ರಗಳು ಸ್ವದೇಶದಲ್ಲಿಯೇ, ಸ್ವದೇಶದವರ ಕೈಯಲ್ಲಿಯೇ ಇರಲಿ ಎಂಬ ವಿಚಾರ ಅದರ ಹಿಂದಿದೆ. ಸರಕಾರ ತನ್ನ ಮಟ್ಟಿಗೆ ಮಾಡಿದುದನ್ನು ಸಾಮಾನ್ಯನೂ ತನ್ನ ಮಟ್ಟಿಗೆ ಮಾಡಿಕೊಳ್ಳಬಹುದು. ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ವಿಮೆ, ಬ್ಯಾಂಕು, ಶಾಲೆ, ಭವಿಷ್ಯನಿಧಿ ಇವೆಲ್ಲಕ್ಕೆ ಕಂಪೆನಿಯ ವಿಳಾಸವನ್ನು ತೆಗೆಸಿ ಸ್ವಂತದ ವಿಳಾಸವನ್ನು ಬರೆಸುವುದು ಮೊದಲನೆಯ ಕೆಲಸ. ಕೆಲಸದಲ್ಲಿರುವಾಗಲೇ ಇದು ಸುಲಭ. ಬಳಿಕ, ಗೂಗಲಿನ ಟೇಕ್‌ಔಟ್ ಎಂಬ ಸೇವೆಯಿಂದ ಇಡಿಯ ಪತ್ರಕೋಶವನ್ನು ಒಂದು ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟರೆ, ಮುಂದೆ ಎಂದಾದರೂ ಥಂಡರ್‌ಬರ್ಡಿನಲ್ಲಿ ತೆರೆದು ಓದಬಹುದು. ವರ್ಷಕ್ಕೊಮ್ಮೆ ಮಾಡಿದರೆ ಸಾಕು. ದೀಪಾವಳಿಗೆ ಲೆಕ್ಕದ ಪುಸ್ತಕ ಬದಲಿಸುವವರು ಅದೇ ವಾರ ಇದನ್ನೂ ಮುಗಿಸಬಹುದು. ಸ್ವಂತ ಕಂಪ್ಯೂಟರು ಇಲ್ಲದವರು ನಂಬಿಕೆಯ ಗೆಳೆಯನ ಮನೆಯಲ್ಲಿ ಮಾಡಿಕೊಳ್ಳಲಿ, ಸೈಬರ್ ಕೆಫೆಯಲ್ಲಿ ಬೇಡ. ಮೊಬೈಲು ಹೋದರೂ ಖಾತೆಯೊಳಗೆ ಹೋಗಲು ಸಾಧ್ಯವಾಗುವಂತೆ, ಎರಡು ಹಂತದ ಪರಿಶೀಲನೆ ಇಟ್ಟುಕೊಂಡವರಿಗೆ ಗೂಗಲಿನವರು ಎಂಟೆಂಟು ಅಂಕೆಗಳ ಹತ್ತು ಗುಪ್ತಸಂಖ್ಯೆಗಳನ್ನು ಕೊಡುತ್ತಾರೆ. ಒಂದು ಸಂಖ್ಯೆ ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಅವನ್ನು ಮೊಬೈಲಿನಲ್ಲಿಯೇ ಫೋಟೋ ತೆಗೆದು ಇಡುವವರಿದ್ದಾರೆ. ಮೊಬೈಲು ಹೋದಾಗ ಅವೂ ಹೋಗುತ್ತವೆ. ಕಾಗದದಲ್ಲಿ ಬರೆದು, ಒಂದು ಪ್ರತಿಯನ್ನು ಟ್ರಂಕಿನಲ್ಲಿ ಪಾನ್ ಕಾರ್ಡಿನ ಜೊತೆಗೂ, ಇನ್ನೊಂದನ್ನು ಊರಿನ ಮನೆಯಲ್ಲಿಯೂ ಇಡುವುದು ಲೇಸು.